ಕಾರ್ಡಿಗೆ ಸೊನ್ನೆ, ಮೆಸೇಜಿಗೆ ಹದಿನೆಂಟು

ಕಳೆದ ತಿಂಗಳು ನಮ್ಮ ಚಿಕ್ಕಮ್ಮ ನಿಟ್ಟೂರಿನ ಕಡೆಯಿಂದ ಗುಬ್ಬಿಗೆ ಬಂದಿದ್ದಳು. ಬಸ್ಸಿಗೆ ದುಡ್ಡಿಲ್ಲ, ಶಕ್ತಿ ಯೋಜನೆ. ಕೆಲಸ ಇದ್ದದ್ದು ಬ್ಯಾಂಕಿನಲ್ಲಿ, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುವುದು. ಗೃಹಲಕ್ಷ್ಮಿಯ ಎರಡು ಸಾವಿರ ಯಾವ ತಿಂಗಳದ್ದು ಬಂದಿದೆ, ಯಾವ ತಿಂಗಳದ್ದು ಬಾಕಿ ಎಂಬ ಲೆಕ್ಕ ಅವಳಿಗೆ ಬೇಕಿತ್ತು. ಒಂದು ಗಂಟೆ ಸಾಲಿನಲ್ಲಿ ನಿಂತು, ಮೆಷಿನ್ನು ಕರಕರ ಅಂತ ಎರಡು ಪುಟ ಅಚ್ಚು ಹಾಕಿಕೊಟ್ಟ ಮೇಲೆ, ಹೊರಗೆ ಮೆಟ್ಟಿಲ ಮೇಲೆ ಕೂತು ಒಂದೊಂದೇ ಸಾಲು ಓದಿ ಹೇಳುತ್ತಾ ಹೋದೆ. ಎರಡು ಸಾವಿರ ಬಂದದ್ದು, ಅವಳು ಬಿಡಿಸಿಕೊಂಡದ್ದು, ಬಡ್ಡಿ ಅಂತ ಹನ್ನೊಂದು ರೂಪಾಯಿ ಸೇರಿದ್ದು. ನಡುವೆ ಒಂದು ಕಡಿತ: 17.70.

"ಇದೇನ್ಲಾ ಹದಿನೇಳು ರೂಪಾಯಿ? ನಾನೇನು ತಗಂಡಿಲ್ವಲ್ಲ."

"ಮೆಸೇಜ್ ಕಳಿಸ್ತಾರಲ್ಲ ಚಿಕ್ಕಮ್ಮ, ಅದರ ಚಾರ್ಜು."

"ಯಾವ ಮೆಸೇಜು?"

"ನಿನ್ನ ಖಾತೆಗೆ ದುಡ್ಡು ಬಂತು ಅಂತ ಬರುತ್ತಲ್ಲ, ಅದು."

ಅವಳು ಸ್ವಲ್ಪ ಹೊತ್ತು ಪಾಸ್‌ಬುಕ್ಕನ್ನೇ ನೋಡಿದಳು. "ದುಡ್ಡು ಬಂತು ಅಂತ ಹೇಳಾಕೂ ದುಡ್ಡಾ? ಅದೂ ಇಂಗ್ಲಿಷ್ನಾಗೆ ಹೇಳಾಕೆ?"

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದನ್ನೆಲ್ಲ ಚಿಕ್ಕಮ್ಮ ಆ ಎರಡು ಪ್ರಶ್ನೆಗಳಲ್ಲಿ ಮುಗಿಸಿಬಿಟ್ಟಿದ್ದಾಳೆ. ಉಳಿದಿರುವುದು ಲೆಕ್ಕ ಬಿಡಿಸುವ ಕೆಲಸ.

ಮೂರು ತಿಂಗಳಿಗೆ ಬ್ಯಾಂಕಿನ ಎಸ್‌ಎಂಎಸ್ ಶುಲ್ಕ 15 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 2 ರೂಪಾಯಿ 70 ಪೈಸೆ. ಅದರಲ್ಲಿ 1 ರೂಪಾಯಿ 35 ಪೈಸೆ ಕೇಂದ್ರಕ್ಕೆ, 1 ರೂಪಾಯಿ 35 ಪೈಸೆ ರಾಜ್ಯಕ್ಕೆ. ಒಂದು ಕೈಯಿಂದ ಎರಡು ಸಾವಿರ ಕೊಡುವ ರಾಜ್ಯ ಸರ್ಕಾರ, "ಕೊಟ್ಟಿದ್ದೇನೆ" ಎಂಬ ಸುದ್ದಿ ಹೊತ್ತು ಬಂದ ಮೆಸೇಜಿನ ಮೇಲೆ ಇನ್ನೊಂದು ಕೈಯಿಂದ ಒಂದು ರೂಪಾಯಿ ಮೂವತ್ತೈದು ಪೈಸೆ ತೆಗೆದುಕೊಳ್ಳುತ್ತದೆ. ಎಲ್ಲ ಬ್ಯಾಂಕುಗಳೂ ಹೀಗೆ ಹಿಡಿಯುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ 2020ರ ಮಾರ್ಚಿನಲ್ಲಿ ಉಳಿತಾಯ ಖಾತೆಗಳ ಎಸ್‌ಎಂಎಸ್ ಶುಲ್ಕವನ್ನು ತೆಗೆದುಹಾಕಿತು. ಶುಲ್ಕವಿಲ್ಲದೆಯೂ ಬ್ಯಾಂಕು ನಡೆಯುತ್ತದೆ ಎಂಬುದಕ್ಕೆ ಅಷ್ಟು ಸಾಕು.

ನಾಳೆ ಬೆಳಿಗ್ಗೆ ಪೇಪರಿನಲ್ಲಿ "ಮೊಬೈಲ್ ಸಂದೇಶಕ್ಕೂ ತೆರಿಗೆ: ಸರ್ಕಾರದ ಪ್ರಸ್ತಾವ" ಎಂಬ ತಲೆಬರಹ ಬಂತು ಅಂದುಕೊಳ್ಳಿ. ಗುಬ್ಬಿ ಬಸ್ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ಹತ್ತು ಗಂಟೆಯೊಳಗೆ ಸರ್ಕಾರ ಬಿದ್ದಿರುತ್ತದೆ. ಕಾಲೇಜಿನ ಹುಡುಗರು ಗೇಟಿಗೆ ಬೀಗ ಹಾಕಿ ಬಿ.ಎಚ್. ರಸ್ತೆಗೆ ಇಳಿದಿರುತ್ತಾರೆ. ವಿರೋಧ ಪಕ್ಷದವರು ಮೊಬೈಲಿಗೆ ಹೂವಿನ ಹಾರ ಹಾಕಿ ಶವಯಾತ್ರೆ ಮಾಡಿರುತ್ತಾರೆ. ಆದರೆ ಪ್ರಸ್ತಾವವೂ ಬರುವುದಿಲ್ಲ, ತಲೆಬರಹವೂ ಬರುವುದಿಲ್ಲ, ಏಕೆಂದರೆ ತೆರಿಗೆ ಆಗಲೇ ಇದೆ. ಹೆಸರಿಲ್ಲದೆ ಇದೆ, ಅಷ್ಟೇ. ರೀಚಾರ್ಜಿನ ಮೊತ್ತದೊಳಗೆ ಕರಗಿಕೊಂಡು, ಪಾಸ್‌ಬುಕ್ಕಿನ ಒಂದು ಸಾಲಿನಲ್ಲಿ ಅಡಗಿಕೊಂಡು ಇದೆ.

ಅದು ಹುಟ್ಟಿದ ಕಾಲ ನೋಡಿ. 1994ರ ಜುಲೈ 1ರಂದು ಈ ದೇಶದಲ್ಲಿ ಸೇವಾ ತೆರಿಗೆ ಶುರುವಾಯಿತು. ಆಗ ತೆರಿಗೆಗೆ ಒಳಪಟ್ಟದ್ದು ಮೂರೇ ಸೇವೆ: ಟೆಲಿಫೋನು, ಷೇರು ದಲ್ಲಾಳಿತನ, ಸಾಮಾನ್ಯ ವಿಮೆ. ದರ ಶೇ. 5. ಆ ಮೂರರ ಸಾಲು ನೋಡಿದರೆ ಮನಮೋಹನ್ ಸಿಂಗ್ ಅವರ ಲೆಕ್ಕಾಚಾರ ಗೊತ್ತಾಗುತ್ತದೆ. ಷೇರು ಕೊಳ್ಳುವವರು, ವಿಮೆ ಮಾಡಿಸುವವರು, ಮನೆಯಲ್ಲಿ ಫೋನ್ ಇಟ್ಟುಕೊಂಡವರು, ಎಲ್ಲರೂ ಉಳ್ಳವರೇ. ತಪ್ಪಿಲ್ಲ. ಆಗ ನಮ್ಮೂರಿನಲ್ಲಿ ಫೋನ್ ಇದ್ದದ್ದು ಒಂದೇ ಮನೆಯಲ್ಲಿ ಅಂತ ಅಪ್ಪ ಹೇಳುತ್ತಾರೆ. ಸಾವಿನ ಸುದ್ದಿ, ಹೆರಿಗೆಯ ಸುದ್ದಿ ಅಲ್ಲಿಗೇ ಬರುತ್ತಿದ್ದವಂತೆ. ಆ ಮನೆಯವರು ಶೇ. 5 ಕೊಟ್ಟರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಆಮೇಲೆ ಆದದ್ದು ವಿಚಿತ್ರ. ಫೋನು ಮೇಲಿನ ಮನೆಯಿಂದ ಕೆಳಗಿನ ಕೇರಿಗೆ ಇಳಿಯಿತು, ತೆರಿಗೆ ಮೇಲಕ್ಕೆ ಹತ್ತಿತು. 2003ರಲ್ಲಿ 8, ಮರುವರ್ಷ 10, 2006ರಲ್ಲಿ 12. ನಡುವೆ ಮೂರು ವರ್ಷ ಕೊಂಚ ಇಳಿದು ಮತ್ತೆ 12. 2015ರಲ್ಲಿ 14. 2017ರ ಜುಲೈ 1ರಿಂದ ಜಿಎಸ್‌ಟಿ, 18. ತೆಂಗಿನಕಾಯಿ ಕೀಳುವವನ ಜೇಬಿಗೆ, ಬೀಡಿ ಕಟ್ಟುವವಳ ಸೆರಗಿಗೆ ಫೋನ್ ಬಂದು ಸೇರುವ ಹೊತ್ತಿಗೆ ಶ್ರೀಮಂತರಿಗೆಂದು ಹಾಕಿದ್ದ ತೆರಿಗೆ ಮೂರೂವರೆ ಪಟ್ಟಿಗಿಂತ ಹೆಚ್ಚಾಗಿತ್ತು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳನ್ನು ಇಳಿಸಿ ದೊಡ್ಡ ಹಬ್ಬ ಮಾಡಿದರಲ್ಲ, ಸಣ್ಣ ಕಾರಿಗೆ ಇಳಿಯಿತು, ಟಿವಿಗೆ ಇಳಿಯಿತು. ಮೊಬೈಲ್ ರೀಚಾರ್ಜು ಅಲ್ಲೇ ನಿಂತಿತು.

ಈ ಕಥೆಯಲ್ಲಿ ನಮ್ಮ ಕರ್ನಾಟಕಕ್ಕೆ ಒಂದು ವಿಶೇಷ ಅಧ್ಯಾಯವಿದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅದು ಇಷ್ಟವಾಗಬಹುದು, ಏಕೆಂದರೆ ಅಷ್ಟು ಕಲ್ಪನಾಶಕ್ತಿ ನಮ್ಮ ಕವಿಗಳಲ್ಲೂ ಅಪರೂಪ. ರಾಜ್ಯಗಳಿಗೆ ಮೊಬೈಲ್ ಸೇವೆಯ ಮೇಲೆ ಮಾರಾಟ ತೆರಿಗೆ ಹಾಕುವ ಆಸೆ ಮೊದಲಿನಿಂದಲೂ ಇತ್ತು. 2006ರ ಮಾರ್ಚಿನಲ್ಲಿ ಬಿಎಸ್‌ಎನ್‌ಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದ್ಯುತ್ಕಾಂತೀಯ ತರಂಗ ಸರಕಲ್ಲ, ಅದನ್ನು ಯಾರೂ ಮಾರುವುದೂ ಇಲ್ಲ ಕೊಳ್ಳುವುದೂ ಇಲ್ಲ, ಮಾರಾಟ ತೆರಿಗೆ ಹಾಕುವಂತಿಲ್ಲ ಎಂದಿತು. ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಅಷ್ಟಕ್ಕೆ ಬಿಡಲಿಲ್ಲ. ತರಂಗ ಸರಕಲ್ಲದಿದ್ದರೆ ಬೆಳಕು? ಆಪ್ಟಿಕಲ್ ಫೈಬರ್ ಕೇಬಲ್ಲಿನೊಳಗೆ ನಿಮ್ಮ ಮಾತು, ನಿಮ್ಮ ಅಕ್ಷರ ಎಲ್ಲ ಬೆಳಕಿನ ಮೇಲೆ ಕೂತು ಹೋಗುತ್ತವೆ. ಆ ಬೆಳಕನ್ನು ಕಂಪನಿ ಕೃತಕವಾಗಿ ಉತ್ಪಾದಿಸುತ್ತದೆ. ಬೆಳಕು ಒಂದು ಶಕ್ತಿ. ವಿದ್ಯುತ್ತೂ ಶಕ್ತಿಯೇ, ಅದನ್ನು ಸರಕು ಎನ್ನುತ್ತೇವೆ. ಹಾಗಾದರೆ ಬೆಳಕೂ ಸರಕು, ಕಂಪನಿ ಅದನ್ನು ಗಿರಾಕಿಗೆ ಮಾರುತ್ತಿದೆ, ವ್ಯಾಟ್ ಕಟ್ಟಲಿ! ಏರ್‌ಟೆಲ್ ಕಂಪನಿ ಹೈಕೋರ್ಟಿಗೆ ಹೋಯಿತು. 2011ರಲ್ಲಿ ಕರ್ನಾಟಕ ಹೈಕೋರ್ಟು, ಇಲ್ಲಿ ಬೆಳಕಿನ ಮಾರಾಟ ನಡೆದಿಲ್ಲ, ನಡೆದಿರುವುದು ಸೇವೆ, ಸೇವೆಗೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ಇಲಾಖೆಯ ವಾದವನ್ನು ತಳ್ಳಿಹಾಕಿತು.

ಬೆಳಕಿಗೆ ತೆರಿಗೆ ಹಾಕಲು ಹೊರಟ ಇಲಾಖೆಯನ್ನು ಕಂಡು ನಗಬಹುದು. ನಾನೂ ಬಹಳ ವರ್ಷ ಇದನ್ನು ಜೋಕಿನ ಹಾಗೇ ಹೇಳುತ್ತಿದ್ದೆ. ಆದರೆ ಅವತ್ತು ಒಂದು ವಾದ ಇತ್ತು, ಎದುರುವಾದ ಇತ್ತು, ನ್ಯಾಯಾಲಯ ಇತ್ತು, ತೀರ್ಪು ಇತ್ತು. 2017ರಲ್ಲಿ ಅದೇ ರಾಜ್ಯಕ್ಕೆ ಅದೇ ಬೆಳಕಿನ ಮೇಲೆ ಶೇ. 9ರ ಪಾಲು ಸಿಕ್ಕಿತು. ಆಗ ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಮುಂಬಾಗಿಲಲ್ಲಿ ತಡೆದು ನಿಲ್ಲಿಸಿದವನು ಹಿತ್ತಲಿನಿಂದ ಬಂದು ಒಲೆಯ ಮುಂದೆ ಕೂತಿದ್ದಾನೆ, ನಾವು ಅವನಿಗೆ ಕಾಫಿ ಕೊಡುತ್ತಿದ್ದೇವೆ.

ಈಗ ಇನ್ನೊಂದು ಕಡೆ ನೋಡೋಣ. 2022ರ ಜುಲೈ 18ರಿಂದ ಅಂಚೆ ಇಲಾಖೆಯ ಸೇವೆಗಳಿಗೂ ಜಿಎಸ್‌ಟಿ ವಿಸ್ತರಿಸಿದರು. ಆದರೆ ನಾಲ್ಕನ್ನು ಮಾತ್ರ ಬಿಟ್ಟರು: ಪೋಸ್ಟ್ ಕಾರ್ಡು, ಇನ್‌ಲ್ಯಾಂಡ್ ಪತ್ರ, ಬುಕ್ ಪೋಸ್ಟು, 10 ಗ್ರಾಂಗಿಂತ ಕಡಿಮೆ ತೂಕದ ಲಕೋಟೆ. ಇವಕ್ಕೆ ತೆರಿಗೆ ಸೊನ್ನೆ. ಯಾಕೆ ಬಿಟ್ಟರು? ಬಡವನ ಕ್ಷೇಮ ಸಮಾಚಾರಕ್ಕೆ ತೆರಿಗೆ ಹಾಕಬಾರದು ಎಂಬ ಹಳೆಯ ಮರ್ಯಾದೆಯೊಂದು ಎಲ್ಲೋ ಉಳಿದಿತ್ತು ಅಂತ ನಾನು ತಿಳಿಯುತ್ತೇನೆ. 1879ರಲ್ಲಿ ಬ್ರಿಟಿಷ್ ಸರ್ಕಾರ ಕಾಲಾಣೆಗೆ ಪೋಸ್ಟ್ ಕಾರ್ಡು ತಂದಾಗಿನಿಂದ, ಕಾರ್ಡಿನ ದರ ಏರಿಸುವುದೆಂದರೆ ಯಾವ ಸರ್ಕಾರಕ್ಕೂ ಅಳುಕು. ಇವತ್ತಿಗೂ ಅದು 50 ಪೈಸೆ. ಅಂಚೆ ಇಲಾಖೆಗೆ ಒಂದೊಂದು ಕಾರ್ಡಿನ ಮೇಲೂ ನಷ್ಟ. ಆದರೂ ನಡೆಸುತ್ತಿದ್ದಾರೆ. ಒಳ್ಳೆಯದೇ.

ಆದರೆ ನಿಮ್ಮಲ್ಲಿ ಎಷ್ಟು ಜನ ಕಳೆದ ವರ್ಷ ಒಂದು ಪೋಸ್ಟ್ ಕಾರ್ಡು ಬರೆದಿದ್ದೀರಿ? ನಮ್ಮ ತಾತನ ಮನೆಯಲ್ಲಿ ಕಂಬಕ್ಕೆ ಒಂದು ಕೊಕ್ಕೆ ಕಂಬಿ ನೇತುಹಾಕಿದ್ದರು. ಬಂದ ಕಾಗದವನ್ನೆಲ್ಲ ಅದಕ್ಕೆ ಚುಚ್ಚಿಡುವುದು. ಕಾರ್ಡಿನ ಮೂಲೆಗೆ ಅರಿಸಿನ ಇದ್ದರೆ ಮದುವೆ, ಕರಿ ಇದ್ದರೆ ಸಾವು, ಓದು ಬಾರದವರಿಗೂ ಬಣ್ಣದಲ್ಲೇ ಸುದ್ದಿ ಗೊತ್ತಾಗುತ್ತಿತ್ತು. ಕಂಬಿ ಈಗಲೂ ಇದೆ. ಕರೆಂಟ್ ಬಿಲ್ಲು ಚುಚ್ಚುತ್ತಾರೆ. ಕಾರ್ಡು ಮಾಡುತ್ತಿದ್ದ ಕೆಲಸವನ್ನೆಲ್ಲ ಇವತ್ತು ಮಾಡುತ್ತಿರುವುದು ಮೆಸೇಜು. ಸರ್ಕಾರದ ಮರ್ಯಾದೆ ಮಾತ್ರ ಸತ್ತ ಕಾರ್ಡಿನ ಹತ್ತಿರವೇ ಕೂತಿದೆ. ಬದುಕಿರುವ ಮೆಸೇಜಿಗೆ 18.

ಮೆಸೇಜು ಈಗ ಯಾರಿದ್ದಾರೆ ಕಳಿಸುವವರು, ಎಲ್ಲ ವಾಟ್ಸಾಪೇ ಅಲ್ಲವೇ ಅಂತ ಕೇಳಬೇಡಿ. ಕಳಿಸುವುದು ಕಡಿಮೆಯಾಗಿದೆ, ನಿಜ. ಬರುವುದು ಹೆಚ್ಚಾಗಿದೆ. ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್ಲಿಗೆ ಅರ್ಜಿ ಹಾಕುವಾಗ ಒಟಿಪಿ ಎಲ್ಲಿಗೆ ಬರುತ್ತದೆ? ರೇಷನ್ ಕಾರ್ಡು, ಆಧಾರ್, ಪಿಂಚಣಿ, ಯಾವುದಾದರೂ ಆಗಲಿ, ಮೆಸೇಜಿನ ಮೂಲಕವೇ ಬಾಗಿಲು ತೆರೆಯಬೇಕು. ಅದಕ್ಕಾಗಿ ನಂಬರು ಜೀವಂತವಾಗಿರಬೇಕು, ನಂಬರು ಜೀವಂತವಾಗಿರಬೇಕಾದರೆ ರೀಚಾರ್ಜು. ಇಂಟರ್‌ನೆಟ್ಟೇ ಬೇಡದವರಿಗೂ ಡೇಟಾ ಸಮೇತದ ಪ್ಯಾಕನ್ನೇ ಕಟ್ಟುತ್ತಿದ್ದರು. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕನ್ನೂ ಕೊಡಲೇಬೇಕು ಅಂತ ಹೇಳಿದ ಮೇಲೆ ಕಂಪನಿಗಳು ತಂದದ್ದು 84 ದಿನಕ್ಕೆ ಸುಮಾರು 450 ರೂಪಾಯಿಯ ಪ್ಯಾಕು. ಅದರೊಳಗೆ ತೆರಿಗೆ ಸುಮಾರು 68 ರೂಪಾಯಿ. ಒಟಿಪಿ ಬರಲಿ ಅಂತ ಮಾತ್ರ ನಂಬರು ಉಳಿಸಿಕೊಂಡಿರುವ ಅಜ್ಜಿಯೂ ಅಷ್ಟೇ ಕಟ್ಟಬೇಕು.

ಬ್ಯಾಂಕಿನ ಮೆಸೇಜಂತೂ ಯಾರೂ ಬೇಕು ಅಂತ ಕೊಂಡದ್ದಲ್ಲ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ಗ್ರಾಹಕರನ್ನು ಎಸ್‌ಎಂಎಸ್ ಸೂಚನೆಗೆ ಕಡ್ಡಾಯವಾಗಿ ನೋಂದಾಯಿಸಿಕೊಳ್ಳುವಂತೆ ಬ್ಯಾಂಕುಗಳಿಗೆ ಹೇಳಿತು. ಖಾತೆಯಿಂದ ಹೊರಗಿನವರು ಯಾರಾದರೂ ದುಡ್ಡು ಹೊಡೆದರೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ, ತಡವಾದರೆ ಹೊಣೆ ಹೆಚ್ಚುತ್ತಾ ಹೋಗುತ್ತದೆ ಎಂಬುದೂ ಅದರಲ್ಲಿದೆ. ಅಂದರೆ ಮೆಸೇಜು ಕಾವಲುಗಾರನ ಕೂಗು. ಆ ಕೂಗಿಗೆ ಶುಲ್ಕ ಹಾಕುವುದಾದರೆ ನಿಜವಾದ ಬಳಕೆಯ ಲೆಕ್ಕದಲ್ಲಿ ಹಾಕಿ ಎಂದು ಅದೇ ರಿಸರ್ವ್ ಬ್ಯಾಂಕು 2013ರ ನವೆಂಬರಿನಲ್ಲೇ ಹೇಳಿತ್ತು. ಚಿಕ್ಕಮ್ಮನ ಖಾತೆಗೆ ಆ ಮೂರು ತಿಂಗಳಲ್ಲಿ ಬಂದದ್ದು ಬೆರಳಲ್ಲಿ ಎಣಿಸುವಷ್ಟು ಮೆಸೇಜು. ಹಿಡಿದದ್ದು ಹದಿನೈದು ರೂಪಾಯಿ, ಸಲೀಸಾಗಿ. ಕಡ್ಡಾಯ ಮಾಡುವುದು, ಕಡ್ಡಾಯ ಮಾಡಿದ್ದಕ್ಕೆ ಶುಲ್ಕ ಹಾಕುವುದು, ಶುಲ್ಕಕ್ಕೆ ತೆರಿಗೆ ಹಾಕುವುದು. ಹಳೆಯ ಕಾಲದ ಶಾನುಭೋಗರ ಬಗ್ಗೆ ಎಷ್ಟೊಂದು ಕಥೆ ಬರೆದಿದ್ದೇವೆ ನಾವು!

ಇನ್ನು ಚಿಕ್ಕಮ್ಮನ ಎರಡನೆಯ ಪ್ರಶ್ನೆ, "ಇಂಗ್ಲಿಷ್ನಾಗೆ".

ಒಂದು ಎಸ್‌ಎಂಎಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತವೆ. ಕನ್ನಡದಲ್ಲಿ ಬರೆದರೆ ಯೂನಿಕೋಡ್ ಆಗುತ್ತದೆ, ಆಗ 70 ಮಾತ್ರ. ಆ ಎಪ್ಪತ್ತೂ ನಾವು ಎಣಿಸುವ ಅಕ್ಷರಗಳಲ್ಲ. "ಗುಬ್ಬಿ" ನಮ್ಮ ಕಣ್ಣಿಗೆ ಎರಡು ಅಕ್ಷರ. ಯಂತ್ರದ ಲೆಕ್ಕದಲ್ಲಿ ಗ, ಉಕಾರ, ಬ, ಅರ್ಧ ಮಾಡುವ ಚಿಹ್ನೆ, ಮತ್ತೆ ಬ, ಇಕಾರ ಸೇರಿ ಆರು. "ಗೃಹಲಕ್ಷ್ಮಿ" ನಾಲ್ಕು ಅಕ್ಷರ, ಯಂತ್ರಕ್ಕೆ ಹತ್ತು. ಒಂದು ಸಾಲಿನ ಕನ್ನಡ ಸಂದೇಶ ಕಳಿಸಹೋದರೆ ಎರಡೋ ಮೂರೋ ಮೆಸೇಜಿನ ಲೆಕ್ಕ ಬೀಳುತ್ತದೆ. ಒತ್ತಕ್ಷರದ ಸೊಗಸಿಗೆ ದಂಡ. ಮೊಬೈಲ್ ಮಾನದಂಡದೊಳಗೆ ಕನ್ನಡಕ್ಕೆಂದೇ ಒಂದು ಕೋಷ್ಟಕ ಇದೆ, ಅದನ್ನು ಬಳಸಿದರೆ ಇನ್ನೂ ಹೆಚ್ಚು ಹಿಡಿಸಬಹುದು. ಅದನ್ನು ಬಳಸಿ ಬಂದ ಮೆಸೇಜನ್ನು ನಾನಂತೂ ನೋಡಿಲ್ಲ.

ಹಾಗಾಗಿ ಮೆಸೇಜಿಗೊಂದು ದರ ಎಂಬುದು ಎಲ್ಲ ಭಾಷೆಗೂ ಸಮನಾದ ದರವಲ್ಲ. ಸಾವಿರಗಟ್ಟಲೆ ಮೆಸೇಜು ಕೊಂಡು ಕಳಿಸುವ ಸಂಸ್ಥೆಗಳಿಗೆ ಕನ್ನಡ ದುಬಾರಿ, ಇಂಗ್ಲಿಷ್ ಅಗ್ಗ. ಚಿಕ್ಕಮ್ಮನಿಗೆ ಬರುವ ಸಂದೇಶ ಇಂಗ್ಲಿಷಿನಲ್ಲಿರುವುದಕ್ಕೆ ಬರೀ ಉದಾಸೀನ ಮಾತ್ರ ಕಾರಣವಲ್ಲ, ಲೆಕ್ಕವೂ ಕಾರಣ. ಅವಳು ಟಿಂಗ್ ಅಂದ ಶಬ್ದ ಕೇಳಿ ಪಕ್ಕದ ಮನೆಯ ಹೈಸ್ಕೂಲ್ ಹುಡುಗನ ಹತ್ತಿರ ಓಡುತ್ತಾಳೆ. ಅವನು ಓದಿ, "ದುಡ್ಡಲ್ಲ ಅಜ್ಜಿ, ಲೋನ್ ಬೇಕಾ ಅಂತ ಕೇಳವ್ರೆ" ಅನ್ನುತ್ತಾನೆ. ಮತ್ತೆ ವಾಪಸ್ಸು.

ನಮ್ಮ ಪೀಳಿಗೆ ಈ ಎಪ್ಪತ್ತರ ಒಳಗೇ ಬೆಳೆದದ್ದು. 2011ರಲ್ಲಿ ನಾನು ತುಮಕೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದೆ. ಊಟ ಆಯ್ತಾ, ನಿದ್ದೆ ಬಂತಾ, ಕೋಪಾನಾ, ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದೆವು. ಕನ್ನಡ ಅಕ್ಷರ ಕಳಿಸಿದರೆ ಅರ್ಧ ಫೋನುಗಳಲ್ಲಿ ಬರೀ ಚೌಕಗಳು ಕಾಣುತ್ತಿದ್ದವು, ಕಂಡರೂ ಪ್ಯಾಕಿನಿಂದ ಎರಡೆರಡು ಮೆಸೇಜು ಕಳೆಯುತ್ತಿತ್ತು. ಕನ್ನಡದ ಹುಡುಗರು ಕನ್ನಡದಲ್ಲಿ ಬರೆಯುವುದಿಲ್ಲ ಅಂತ ವೇದಿಕೆಗಳಲ್ಲಿ ಕಣ್ಣೀರು ಹಾಕಿದ ಹಿರಿಯರು ಯಾರೂ ಆಗ ಈ ಮೀಟರಿನ ಕಡೆ ನೋಡಲಿಲ್ಲ. ಹಬ್ಬದ ದಿನಗಳ ತಮಾಷೆ ಬೇರೆ. ಯುಗಾದಿ, ದೀಪಾವಳಿ, ಹೊಸ ವರ್ಷದಂದು ಎಸ್‌ಎಂಎಸ್ ಪ್ಯಾಕು ನಡೆಯುತ್ತಿರಲಿಲ್ಲ, ಪೂರ್ತಿ ದರ ಹಿಡಿಯುತ್ತಿದ್ದರು. ಆದ್ದರಿಂದ ನಮ್ಮ ಹಾಸ್ಟೆಲ್ಲಿನಲ್ಲಿ ಹೊಸ ವರ್ಷ ಡಿಸೆಂಬರ್ 30ಕ್ಕೇ ಬರುತ್ತಿತ್ತು, "ಅಡ್ವಾನ್ಸ್" ಅಂತ ಸೇರಿಸಿಕೊಂಡು.

ಅದೇ ವರ್ಷ ಸೆಪ್ಟೆಂಬರ್ 27ರಿಂದ ಟ್ರಾಯ್ ಒಂದು ಸಿಮ್ಮಿಗೆ ದಿನಕ್ಕೆ ನೂರೇ ಮೆಸೇಜು ಅಂತ ಮಿತಿ ಹಾಕಿತು. ಜಾಹೀರಾತಿನವರ ಕಾಟ ತಪ್ಪಿಸಲು ಅಂತ ಕಾರಣ. ಅವತ್ತು ರಾತ್ರಿ ಹಾಸ್ಟೆಲ್ಲು ಸಿಡಿದೆದ್ದದ್ದನ್ನು ನೀವು ನೋಡಬೇಕಿತ್ತು. ಅನ್ನ ಸರಿಯಿಲ್ಲ ಅಂತ ಎಂದೂ ಒಂದಾಗದಿದ್ದ ನಾವು ಅವತ್ತು ಒಂದಾಗಿದ್ದೆವು. ನವೆಂಬರಿಗೆ ನೂರು ಇನ್ನೂರಾಯಿತು. ಮರುವರ್ಷ ದೆಹಲಿ ಹೈಕೋರ್ಟು, ಜನ ಜನರಿಗೆ ಕಳಿಸುವ ಮೆಸೇಜಿಗೆ ಇಂಥ ಮಿತಿ ಸಲ್ಲ ಎಂದಿತು. ಆಮೇಲೆ ಟ್ರಾಯ್ ಮಿತಿ ತೆಗೆದು, ದಿನಕ್ಕೆ ಇಷ್ಟು ಮೀರಿದರೆ ಮೆಸೇಜಿಗೆ 50 ಪೈಸೆ ಹಿಡಿಯಲೇಬೇಕು ಎಂಬ ನಿಯಮ ಮಾಡಿತು, ಅದನ್ನು ಕೈಬಿಟ್ಟದ್ದು 2020ರಲ್ಲಿ. ಅಷ್ಟು ಹೊತ್ತಿಗೆ ನಾವೆಲ್ಲ ವಾಟ್ಸಾಪಿಗೆ ಹೋಗಿ ವರ್ಷಗಳಾಗಿದ್ದವು. ಮಿತಿಗೆ ಹೆಸರಿತ್ತು, ನೂರು ಅಂತ ಒಂದು ಸಂಖ್ಯೆ ಇತ್ತು, ಅದಕ್ಕೇ ಜಗಳ ಬಂತು. ಅದೇ ಹೊತ್ತಿನಲ್ಲಿ ನಮ್ಮ ಪ್ರತಿ ರೀಚಾರ್ಜಿನಿಂದಲೂ ಸೇವಾ ತೆರಿಗೆ ಹೋಗುತ್ತಿತ್ತು, ಟಾಪ್‌ಅಪ್ಪಿನಲ್ಲಿ ಟಾಕ್‌ಟೈಮ್ ಯಾಕೆ ಕಡಿಮೆ ಬಂತು ಅಂತ ಅಂಗಡಿಯವನ ಮೇಲೆ ರೇಗುತ್ತಿದ್ದೆವು.

ಹೊರಗಿನ ದೇಶಗಳಲ್ಲೂ ಇದೇ. 2009ರಲ್ಲಿ ಫಿಲಿಪ್ಪೀನ್ಸಿನಲ್ಲಿ ಒಂದೊಂದು ಎಸ್‌ಎಂಎಸ್ಸಿಗೆ ಐದು ಸೆಂಟಾವೊ ತೆರಿಗೆ ಹಾಕುವ ಮಾತು ಸಂಸತ್ತಿನಲ್ಲಿ ಬಂತು. 2001ರಲ್ಲಿ ಮೆಸೇಜು ಕಳಿಸಿ ಕಳಿಸಿ ಜನ ಸೇರಿಸಿ ಒಬ್ಬ ಅಧ್ಯಕ್ಷನನ್ನೇ ಇಳಿಸಿದ ದೇಶ ಅದು, ಸುಮ್ಮನಿದ್ದೀತೇ? ತೆರಿಗೆ ಬರಲಿಲ್ಲ. ಹಂಗೇರಿಯಲ್ಲಿ 2014ರ ಅಕ್ಟೋಬರಿನಲ್ಲಿ ಇಂಟರ್‌ನೆಟ್ಟಿನ ಒಂದು ಗಿಗಾಬೈಟಿಗೆ 150 ಫೋರಿಂಟ್ ತೆರಿಗೆ ಎಂದಾಗ ಬುಡಾಪೆಸ್ಟಿನ ಬೀದಿಗಳಲ್ಲಿ ಹತ್ತಾರು ಸಾವಿರ ಜನ ಮೊಬೈಲಿನ ಬೆಳಕು ಎತ್ತಿ ಹಿಡಿದು ನಡೆದರು. ಒರ್ಬಾನ್ ಅಂಥ ಹಟಮಾರಿ ಪ್ರಧಾನಿ ತಿಂಗಳು ಮುಗಿಯುವುದರೊಳಗೆ ಹಿಂದೆ ಸರಿದರು. ಲೆಬನಾನಿನಲ್ಲಿ 2019ರ ಅಕ್ಟೋಬರ್ 17ರಂದು ವಾಟ್ಸಾಪ್ ಕರೆಗೆ ದಿನಕ್ಕೆ 20 ಸೆಂಟ್ ಅಂತ ಘೋಷಿಸಿ, ಅದೇ ರಾತ್ರಿ ವಾಪಸ್ ತೆಗೆದುಕೊಂಡರು. ಆದರೂ ಬೀದಿಗೆ ಬಂದ ಜನ ಹಿಂದಿರುಗಲಿಲ್ಲ, ಎರಡು ವಾರ ತುಂಬುವುದರೊಳಗೆ ಪ್ರಧಾನಿ ರಾಜೀನಾಮೆ ಕೊಟ್ಟರು.

ಉಗಾಂಡದ ಕಥೆ ಇನ್ನೂ ಕಲಿಸುವಂಥದ್ದು. 2018ರ ಜುಲೈಯಿಂದ ಅಲ್ಲಿ ವಾಟ್ಸಾಪ್, ಫೇಸ್‌ಬುಕ್ ಬಳಸುವವರು ದಿನಕ್ಕೆ 200 ಶಿಲ್ಲಿಂಗ್ ಕಟ್ಟಬೇಕಿತ್ತು. ಜನ ಬೈದರು, ಬೀದಿಗಿಳಿದರು, ವಿಪಿಎನ್ ಹಾಕಿಕೊಂಡು ತಪ್ಪಿಸಿಕೊಂಡರು. 2021ರಲ್ಲಿ ಸರ್ಕಾರ ಆ ತೆರಿಗೆ ತೆಗೆದು ಡೇಟಾದ ಬೆಲೆಯ ಮೇಲೆ ಶೇ. 12 ಹಾಕಿತು. ಈಗ ಅದು ಪ್ಯಾಕಿನೊಳಗೆ ಸೇರಿಹೋಗಿದೆ. ಅವರು ಮೂರು ವರ್ಷ ಒದ್ದಾಡಿ ಕಲಿತದ್ದನ್ನು ನಮ್ಮವರು 1994ರಲ್ಲೇ ಕರಗತ ಮಾಡಿಕೊಂಡಿದ್ದರು.

ನಮ್ಮ ಜನಕ್ಕೆ ಸಿಟ್ಟೇ ಬರುವುದಿಲ್ಲ ಅಂತ ಹೇಳುವವರಿಗೆ 2025ರ ಜುಲೈಯನ್ನು ನೆನಪಿಸುತ್ತೇನೆ. ಯುಪಿಐ ಲೆಕ್ಕ ನೋಡಿಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾಲು, ತರಕಾರಿ ಮಾರುವವರಿಗೂ ಬಂತು. ಮರುದಿನದಿಂದಲೇ ಅಂಗಡಿಗಳಲ್ಲಿ ಕ್ಯೂಆರ್ ಕೋಡಿನ ಮೇಲೆ ಪೇಪರು ಅಂಟಿತು, "ಕ್ಯಾಶ್ ಮಾತ್ರ" ಬೋರ್ಡು ಎದ್ದಿತು, ಬಂದ್ ಕರೆ ಬಂತು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆದು ಕೂರಿಸಿಕೊಂಡು, ಹಳೆಯ ಬಾಕಿಗೆ ಕೈಹಾಕುವುದಿಲ್ಲ ಎನ್ನಬೇಕಾಯಿತು. ಸಿಟ್ಟು ಇದೆ. ಕೈಗೆ ಒಂದು ಕಾಗದ ಸಿಗಬೇಕು ಅಷ್ಟೇ. ಚಿಕ್ಕಮ್ಮನಿಗೆ ಯಾರೂ ನೋಟಿಸು ಕಳಿಸಲಿಲ್ಲ, ಕಳಿಸಬೇಕಾದ ಅಗತ್ಯವೂ ಇಲ್ಲ. ಅವಳ ತೆರಿಗೆಯನ್ನು ಬ್ಯಾಂಕೇ ಹಿಡಿದು ಕಟ್ಟಿಬಿಡುತ್ತದೆ.

ಈ ಮಾತನ್ನು ಕಾಮರ್ಸ್ ಪಾಠ ಮಾಡುವ ನನ್ನ ಗೆಳೆಯನಿಗೆ ಹೇಳಿದಾಗ ಅವನು ನಕ್ಕ. "ಎರಡು ಮುಕ್ಕಾಲು ರೂಪಾಯಿಗೆ ಇಷ್ಟು ರಾದ್ಧಾಂತನಾ? ಅವಳಿಗೆ ತಿಂಗಳಿಗೆ ಎರಡು ಸಾವಿರ ಕೊಡ್ತಿಲ್ವಾ? ದುಡ್ಡು ಎಲ್ಲಿಂದ ಬರಬೇಕು?" ಅಂದ. ಮೊದಲ ಮಾತಿಗೆ ಉತ್ತರ: ವರ್ಷಕ್ಕೆ ನಾಲ್ಕು ಸಲ ಹಿಡಿದರೆ 70 ರೂಪಾಯಿ 80 ಪೈಸೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಹೆಚ್ಚು ಕಡಿಮೆ ಒಂದು ದಿನದ ಕೂಲಿಯ ಐದನೇ ಒಂದು ಪಾಲು. ಬಿಸಿಲಲ್ಲಿ ಮಣ್ಣು ಹೊತ್ತ ಒಂದೂವರೆ ಗಂಟೆ. ಗೆಳೆಯನ ಸಂಬಳದಲ್ಲಿ ಒಂದೂವರೆ ಗಂಟೆಯ ಪಾಲು ಹೀಗೆ ಹೇಳದೆ ಕೇಳದೆ ಹೋಗಲಿ, ರಾದ್ಧಾಂತ ಆಗ ನೋಡೋಣ.

ಎರಡನೆಯ ಮಾತಿಗೆ ನನ್ನ ಹತ್ತಿರ ಅಷ್ಟು ಸಲೀಸಾದ ಉತ್ತರವಿಲ್ಲ. ಸರ್ಕಾರಕ್ಕೆ ದುಡ್ಡು ಬೇಕು, ನಿಜ. ನಾನು ತೆರಿಗೆಯೇ ಬೇಡ ಅನ್ನುವವನಲ್ಲ. ಅಂಥವರ ಜೊತೆ ಕೂತು ಕಾಫಿ ಕುಡಿಯಲೂ ನನಗೆ ಕಷ್ಟ. ಚಿಕ್ಕಮ್ಮ ಕೂತು ಬಂದ ಬಸ್ಸು ತೆರಿಗೆಯಿಂದಲೇ ಓಡಿದ್ದು. ಆದರೆ ಪೋಸ್ಟ್ ಕಾರ್ಡನ್ನು ಬಿಟ್ಟಾಗ ಖಜಾನೆಗೆ ತೂತು ಬೀಳಲಿಲ್ಲ ಎನ್ನುವುದಾದರೆ, ಅದೇ ಸಾಲಿಗೆ ಇನ್ನೆರಡನ್ನು ಸೇರಿಸಿ ಅಂತ ಕೇಳುವುದು ದುರಾಸೆಯಲ್ಲ. ಒಂದು, ಖಾತೆಗೆ ದುಡ್ಡು ಬಂದದ್ದನ್ನು ಹೋದದ್ದನ್ನು ತಿಳಿಸುವ ಬ್ಯಾಂಕಿನ ಎಸ್‌ಎಂಎಸ್. ಇನ್ನೊಂದು, ಡೇಟಾ ಇಲ್ಲದ ಕರೆ ಮತ್ತು ಎಸ್‌ಎಂಎಸ್ಸಿನ ಪ್ಯಾಕು. ಸಿನಿಮಾ ನೋಡುವ ಡೇಟಾಕ್ಕೆ 18 ಇರಲಿ, ನಾನು ಕಟ್ಟುತ್ತೇನೆ. ತೆರಿಗೆ ಬಿಟ್ಟರೆ ಕಂಪನಿಗಳೇ ನುಂಗಿಕೊಳ್ಳುತ್ತವೆ ಎಂಬ ಅನುಮಾನ ನನಗೂ ಇದೆ. ಅದಕ್ಕೇ ಬ್ಯಾಂಕಿನ ವಿಷಯದಲ್ಲಿ ತೆರಿಗೆ ಮಾತ್ರವಲ್ಲ, ಶುಲ್ಕವೇ ಹೋಗಬೇಕು. ಕಡ್ಡಾಯ ಮಾಡಿದ್ದನ್ನು ಪುಕ್ಕಟೆ ಕೊಡಬೇಕು, ಅದೂ ಖಾತೆದಾರರು ಕೇಳಿದ ಭಾಷೆಯಲ್ಲಿ. ಜಿಎಸ್‌ಟಿ ಕೌನ್ಸಿಲ್ಲಿನಲ್ಲಿ ಕರ್ನಾಟಕಕ್ಕೂ ಒಂದು ಕುರ್ಚಿ ಇದೆ. ನಮ್ಮ ತೆರಿಗೆಯ ಪಾಲು ನಮಗೆ ಕೊಡಿ ಅಂತ ಗಟ್ಟಿಯಾಗಿ ಕೇಳುವ ರಾಜ್ಯ, ಗೃಹಲಕ್ಷ್ಮಿಯ ಮೆಸೇಜಿನಿಂದ ತನಗೆ ಬರುವ 1 ರೂಪಾಯಿ 35 ಪೈಸೆ ಬೇಡ ಅಂತಲೂ ಅದೇ ಕುರ್ಚಿಯಲ್ಲಿ ಕೂತು ಹೇಳಬಹುದು.

ನಮ್ಮ ಬಗ್ಗೆಯೂ ಒಂದು ಮಾತು ಇದೆ. ಇಂಥ ಪತ್ರಿಕೆಗಳಲ್ಲಿ ಬರೆಯುವವರ, ಓದುವವರ ಬಗ್ಗೆ. ಅಂಚೆ ಕಾರ್ಡಿನ ಮೇಲೆ ಎಷ್ಟು ಪ್ರಬಂಧ ಬರೆದಿಲ್ಲ ನಾವು? ಅಜ್ಜನ ಕೈಬರಹ, ಪೋಸ್ಟ್‌ಮ್ಯಾನಿನ ಸೈಕಲ್ ಬೆಲ್ಲು, ಕೆಂಪು ಡಬ್ಬ, "ಉಭಯಕುಶಲೋಪರಿ ಸಾಂಪ್ರತ". ವರ್ಷಕ್ಕೊಮ್ಮೆ ಕಾರ್ಡಿನ ತಿಥಿ ಮಾಡುತ್ತೇವೆ, ವಡೆ ಪಾಯಸ ಸಮೇತ. ನನ್ನದೂ ಒಂದು ಪ್ರಬಂಧ ಇದೆ, ಮೇಲೆ ಹೇಳಿದ ಕೊಕ್ಕೆ ಕಂಬಿಯ ಮೇಲೆಯೇ, ಬಹುಮಾನ ಕೂಡ ಬಂದಿತ್ತು. ಅದರಲ್ಲಿ ಮೆಸೇಜನ್ನು ಹೃದಯವಿಲ್ಲದ್ದು ಎಂದು ಬೈದಿದ್ದೆ. ಎರಡು ಸಾವಿರ ಬಂತೋ ಇಲ್ಲವೋ ಅಂತ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೇವು ತರಲು ಹೋಗುವ ಹೆಂಗಸಿನ ಎದುರು ಆ ಮಾತನ್ನು ಈಗ ಓದಿ ಹೇಳಲು ನನಗೆ ಧೈರ್ಯವಿಲ್ಲ. ನಾವು ಕಾರ್ಡಿಗಾಗಿ ಅಳುತ್ತಿದ್ದಾಗ ಮೀಟರು ಓಡುತ್ತಲೇ ಇತ್ತು.

ಅವತ್ತು ಚಿಕ್ಕಮ್ಮನನ್ನು ಕರೆದುಕೊಂಡು ಮತ್ತೆ ಒಳಗೆ ಹೋದೆ. ಮೆಸೇಜು ನಿಲ್ಲಿಸಿಬಿಡಿ ಅಂತ ಕೌಂಟರಿನಲ್ಲಿ ಕೇಳಿದೆವು. ಅಲ್ಲಿದ್ದ ಹುಡುಗಿ ಒಳ್ಳೆಯವಳು, ಕೆಲಸದ ಒತ್ತಡದಲ್ಲೂ ಕೂರಿಸಿ ಹೇಳಿದಳು. "ನಿಲ್ಲಿಸಬೋದಮ್ಮ, ಆದ್ರೆ ಯಾರಾದ್ರೂ ದುಡ್ಡು ಹೊಡೆದ್ರೆ ನಿಮಗೆ ಗೊತ್ತಾಗಲ್ಲ. ಆಮೇಲೆ ನಮ್ಮನ್ನ ಕೇಳಬೇಡಿ." ಚಿಕ್ಕಮ್ಮ ನನ್ನ ಮುಖ ನೋಡಿದಳು, ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

"ಇರ್ಲಿ ಬಿಡವ್ವ ಹಂಗಾದ್ರೆ," ಅಂದಳು.

ಬಸ್ ಸ್ಟ್ಯಾಂಡಿನವರೆಗೂ ಸುಮ್ಮನೆ ಬಂದವಳು ತಿಪಟೂರಿನ ಬಸ್ಸು ಹತ್ತುವ ಮುಂಚೆ ತಿರುಗಿ ಕೇಳಿದಳು: "ಮುಂದಿನ ಸಲ ಎಷ್ಟು ಹಿಡೀತಾರ್ಲಾ?"

"ಅಷ್ಟೇ ಚಿಕ್ಕಮ್ಮ. ಹದಿನೇಳು ಎಪ್ಪತ್ತು."